ಅವರೆಕಾಯಿ ಕಾಲವಿಲ್ಲದ ಮನೆ

ಚಳಿ ಶುರುವಾದರೆ ಬಾಗಲಗುಂಟೆಯ ಮುಖ್ಯರಸ್ತೆಗೆ ಅವರೆಕಾಯಿ ಗಾಡಿಗಳು ಬಂದುಬಿಡುತ್ತವೆ. ಬೆಳಿಗ್ಗೆ ಹಾಲು ತರಲು ಹೋಗುವಾಗ ನಾನು ರಸ್ತೆ ದಾಟಿ ಆಚೆ ಬದಿಯಲ್ಲಿ ನಡೆಯುತ್ತೇನೆ. ಈಚೆ ಬದಿಯಲ್ಲಿ ಹೆಂಗಸರು ಗಾಡಿಯ ಮೇಲೆ ಬಾಗಿ, ಒಂದು ಹಿಡಿ ಕಾಯಿ ಎತ್ತಿ ಮೂಗಿನ ಹತ್ತಿರ ಹಿಡಿದು ನೋಡುತ್ತಿರುತ್ತಾರೆ. ಒಳ್ಳೆಯ ಅವರೆಯನ್ನು ಕಣ್ಣಿನಿಂದ ಆರಿಸುವುದಿಲ್ಲ, ಮೂಗಿನಿಂದ ಆರಿಸುತ್ತಾರೆ. ಇಬ್ಬನಿ ಕುಡಿದ ಕಾಯಿಯ ಸಿಪ್ಪೆಯ ಮೇಲೆ ಎಣ್ಣೆಯಂಥ ಒಂದು ಜಿಡ್ಡು ಇರುತ್ತದೆ; ಅದರ ಪರಿಮಳಕ್ಕೆ ನಮ್ಮ ಕಡೆ ಸೊಗಡು ಅನ್ನುತ್ತಾರೆ. ಸೊಗಡು ಸಿಕ್ಕ ಕೂಡಲೇ ಆ ಹೆಂಗಸರ ಹುಬ್ಬು ಸಡಿಲವಾಗುವುದನ್ನು ನಾನು ಆಚೆ ಬದಿಯಿಂದ ನೋಡುತ್ತೇನೆ. ಆ ವಾಸನೆ ನನಗೆ ಬೇಕು. ಅದು ಮೂಗಿಗೆ ತಾಗಿದರೆ ಹೊಟ್ಟೆ ತೊಳಸಿಕೊಂಡು ಬರುತ್ತದೆ. ಎರಡೂ ಒಟ್ಟಿಗೆ ನಿಜ ಎಂದು ಹೇಳಿದರೆ ಕೇಳಿದವರು ನಗುತ್ತಾರೆ, ಹಾಗಾಗಿ ಹೇಳುವುದಿಲ್ಲ.

ನಾನು ಬೆಳೆದದ್ದು ಆರ್.ಟಿ. ನಗರದಲ್ಲಿ. ಓದಿದ್ದು ಕಾನ್ವೆಂಟಿನಲ್ಲಿ, ಅಲ್ಲಿ ಡಬ್ಬಿ ತೆರೆಯುವ ಮೊದಲು ಕೈಜೋಡಿಸಿ ನಿಲ್ಲಬೇಕಿತ್ತು, ತಿನ್ನುವಾಗ ಬೆರಳ ತುದಿ ಮಾತ್ರ ಒದ್ದೆಯಾಗಬೇಕಿತ್ತು. ನಮ್ಮ ಮನೆಗೆ ಅವರೆ ಬರುತ್ತಿದ್ದದ್ದು ಸುಲಿದ ಕಾಳಾಗಿ, ಪ್ಲಾಸ್ಟಿಕ್ ಕವರಿನಲ್ಲಿ. ಮದುವೆಯಾಗಿ ಬಾಗಲಗುಂಟೆಗೆ ಬಂದ ಮೊದಲ ಚಳಿಗಾಲ ಅತ್ತೆ ನಡುಮನೆಯಲ್ಲಿ ಚಾಪೆ ಹಾಸಿ ಅರ್ಧ ಗೋಣಿ ಕಾಯಿ ಸುರಿದರು. ನಾನು ಒಂದೊಂದೇ ಕಾಯಿಯನ್ನು ಉಗುರಿನಿಂದ ಸೀಳಿ, ಹುಳ ಇದೆಯೇ ಎಂದು ಇಣುಕಿ, ಕಾಳನ್ನು ಮೆಲ್ಲಗೆ ಬಟ್ಟಲಿಗೆ ಬಿಡುತ್ತಿದ್ದೆ.

"ಅದೇನ್ ಮಗ, ಮದ್ವೆ ಕಾಗ್ದ ಬಿಚ್ದಂಗೆ ಬಿಚ್ತಿದ್ದೀಯ," ಅಂದರು ಅತ್ತೆ. "ಇಂಗೆ ಕೂತ್ರೆ ನಾವು ಯುಗಾದಿಗೆ ಸಾರು ಉಣ್ಬೇಕು."

ಅತ್ತೆಯದು ಈ ಊರಿನ ಹಳೆಯ ಒಕ್ಕಲು ಮನೆತನ. ಹೊಲ ಲೇಔಟಾಗಿ, ಲೇಔಟು ಬಾಡಿಗೆ ಮನೆಗಳಾಗಿ, ಈಗ ಅವರಿಗೆ ಬೆಳೆಯುವ ಕೆಲಸ ಇರಲಿಲ್ಲ. ವರ್ಷದ ಉಳಿದ ತಿಂಗಳು ನನ್ನೊಡನೆ ಬೇಕಾದಷ್ಟೇ ಮಾತು. ನೀರು ಬಂತಾ, ಬಾಗಿಲು ಹಾಕಿದ್ಯಾ, ಅಷ್ಟೇ. ಆದರೆ ಕೈಗೆ ಅವರೆಕಾಯಿ ಸಿಕ್ಕರೆ ಬಾಯಿ ತೆರೆಯುತ್ತಿತ್ತು. ಹಗಲು ಕಾಯಿ ಸುಲಿದು ಕಾಳು ನೆನೆಹಾಕಿದರೆ, ಮಾರನೆಯ ದಿನ ಒಂದೊಂದೇ ಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿತುಕಬೇಕು. ಸಿಪ್ಪೆ ಬೆರಳಲ್ಲಿ ಉಳಿದು ಬೇಳೆ ಚಿಮ್ಮಿ ಪಾತ್ರೆಗೆ ಬೀಳುತ್ತದೆ. ಎದುರುಬದುರು ಕೂತು, ತಲೆ ತಗ್ಗಿಸಿ, ಮುಖ ನೋಡದೆ ಮಾಡುವ ಆ ಕೆಲಸದಲ್ಲೇ ಅತ್ತೆ ನನಗೆ ಎಲ್ಲವನ್ನೂ ಹೇಳಿದ್ದು. ಮದುವೆಯಾದ ಮೊದಲ ವಾರವೇ ಗಂಡನ ಮನೆ ಬೇಡವೆಂದು ತುಮಕೂರು ರಸ್ತೆ ಹಿಡಿದು ಮಾಕಳಿಯ ತವರಿಗೆ ನಡೆದುಹೋದದ್ದು, ಅವರಪ್ಪ ಒಂದು ಮಾತೂ ಕೇಳದೆ ಮೊದಲು ಊಟ ಹಾಕಿಸಿದ್ದು, ಸತ್ತುಹೋದ ಚೊಚ್ಚಲು ಮಗುವಿನ ಕಿವಿಯ ಆಕಾರ. ಹೆಸರಿಗೆ ನಾನು ಸೊಸೆ. ಆ ಚಾಪೆಯ ಮೇಲೆ ಮಾತ್ರ ನಾನು ಅವರಿಗೆ ಬೇರೇನೋ ಆಗುತ್ತಿದ್ದೆ. ವರ್ಷವಿಡೀ ಆ ಚಳಿಗಾಗಿ ಕಾಯುತ್ತಿದ್ದೆ.

ತುಮಕೂರು ರಸ್ತೆಯಲ್ಲಿ ಮೆಟ್ರೋ ಕಂಬಗಳು ಏಳುತ್ತಿದ್ದ ಕಾಲದಲ್ಲಿ ನನ್ನ ಎದೆಯಲ್ಲಿ ಗಂಟು ಕಾಣಿಸಿಕೊಂಡಿತು. ಹೆಬ್ಬಾಳದ ಹತ್ತಿರದ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಗಾಯ ಒಣಗಿದ ಮೇಲೆ ಮೂರು ವಾರಕ್ಕೊಮ್ಮೆ ಕೀಮೋ ಕೊಡಬೇಕೆಂದರು. ಮೊದಲ ಕೀಮೋ ಸರಿಯಾಗಿ ಅವರೆಯ ಕಾಲಕ್ಕೆ ಬಂತು.

ನಮ್ಮ ಮನೆಯಲ್ಲಿ ಒಂದು ಪದ್ಧತಿಯಿದೆ. ಯಾರಾದರೂ ದೊಡ್ಡ ಕೆಲಸಕ್ಕೆ ಹೊರಟರೆ, ಪರೀಕ್ಷೆಗಾಗಲಿ ಕೋರ್ಟಿಗಾಗಲಿ ಹೆರಿಗೆಗಾಗಲಿ, ಅವರಿಗೆ ಅತಿ ಇಷ್ಟವಾದದ್ದನ್ನು ಮಾಡಿ ಹೊಟ್ಟೆ ತುಂಬ ಬಡಿಸಿಯೇ ಹೊಸ್ತಿಲು ದಾಟಿಸಬೇಕು. ನನ್ನ ಗಂಡ ಪೀಣ್ಯದ ಫ್ಯಾಕ್ಟರಿಯ ಇಂಟರ್‌ವ್ಯೂಗೆ ಹೋದದ್ದು ಒಬ್ಬಟ್ಟು ತಿಂದು. ಕೀಮೋದ ಹಿಂದಿನ ದಿನ ಅತ್ತೆ ನನ್ನನ್ನು ಮಲಗಲು ಹೇಳಿ, ತಾವೊಬ್ಬರೇ ಚಾಪೆಯ ಮೇಲೆ ಕೂತು ಅಷ್ಟೂ ಕಾಳನ್ನು ಹಿತುಕಿದರು. ಬೇಳೆ ಚಿಮ್ಮಿ ಸ್ಟೀಲ್ ಪಾತ್ರೆಗೆ ಬೀಳುವ ಸದ್ದು ನನ್ನ ಕೋಣೆಗೆ ಕೇಳಿಸುತ್ತಿತ್ತು. ಬೆಳಿಗ್ಗೆ ಹಿತಕಿದ ಬೇಳೆ ಸಾರು, ಅಕ್ಕಿ ರೊಟ್ಟಿ. ಕೊಬ್ಬರಿ, ಲವಂಗ, ಬೆಳ್ಳುಳ್ಳಿ, ಅದರ ಅಡಿಯಲ್ಲಿ ಸೊಗಡು. ನಾನು ಎರಡನೆಯ ಸಲ ಹಾಕಿಸಿಕೊಂಡೆ.

"ಒಟ್ಟೆ ಗಟ್ಟಿಯಿದ್ರೆ ಔಸ್ದಿ ಏನ್ಮಾಡ್ತದೆ," ಅಂದರು ಅತ್ತೆ, ನನ್ನ ತಟ್ಟೆ ನೋಡುತ್ತ.

ಆಸ್ಪತ್ರೆಯಲ್ಲಿ ಮೊದಲು ವಾಂತಿ ತಡೆಯುವ ಇಂಜೆಕ್ಷನ್ ಕೊಟ್ಟರು, ಆಮೇಲೆ ಕೆಂಪು ಔಷಧಿ. ಮದುವೆಮನೆಯ ಶರಬತ್ತಿನ ಬಣ್ಣ. ಅದು ನಾಳದಲ್ಲಿ ಇಳಿಯುವಾಗ ಬಾಯಲ್ಲಿ ಐಸ್ ತುಂಡು ಇಟ್ಟುಕೊಳ್ಳಲು ಕೊಟ್ಟರು. ಏನೂ ಆಗಲಿಲ್ಲ. ಇಷ್ಟೇನಾ ಅನ್ನಿಸಿತು. ಸಂಜೆ ಮನೆಗೆ ಬಂದು ಕಾಲು ತೊಳೆದು ಒಳಗೆ ಬಂದಾಗ, ಬೆಳಗಿನ ಸಾರನ್ನು ಅತ್ತೆ ಮತ್ತೆ ಬಿಸಿ ಮಾಡುತ್ತಿದ್ದರು. ಅಡುಗೆಮನೆಯ ಬಾಗಿಲವರೆಗೆ ಹೋದೆ, ಅಷ್ಟೇ. ಬಚ್ಚಲಿಗೆ ಓಡಿದೆ. ಬೆಳಗಿನದೆಲ್ಲ ಬಂತು, ಅದೇ ಪರಿಮಳ ಹೊತ್ತು, ಮೂಗಿನಿಂದಲೂ ಬಂತು. ಮಾರನೆಯ ದಿನವೂ ಬಂತು, ಬರಲು ಏನೂ ಇಲ್ಲದಿದ್ದಾಗಲೂ ಬಂತು. ಒಂದು ಗುಟುಕು ನೀರು ಕೂಡ ನಿಲ್ಲದಾದಾಗ ಗಂಡ ಆಸ್ಪತ್ರೆಗೆ ಫೋನ್ ಮಾಡಿದರು. ಕೂಡಲೇ ಬನ್ನಿ ಅಂದರು. ಗ್ಲುಕೋಸ್ ಏರಿಸಿ, ಮಾತ್ರೆ ಬದಲಾಯಿಸಿ ಕಳಿಸಿದರು.

ಹುಷಾರಾದ ಮೇಲೆ ಒಂದು ದಿನ ಹಿತ್ತಲಿನಲ್ಲಿ ಒಣಗಲು ಹಾಕಿದ್ದ ಗೋಣಿಚೀಲವನ್ನು ಎತ್ತಿಡಲು ಹೋದೆ. ಅವರೆ ತಂದಿದ್ದ ಗೋಣಿ. ಅದರ ಹತ್ತಿರ ಬಾಗಿದ್ದಷ್ಟೇ ನೆನಪು. ಗೋಡೆ ಹಿಡಿದು ವಾಂತಿ ಮಾಡುವಾಗ ಮೊದಲ ಸಲ ನಿಜವಾಗಿ ಹೆದರಿದೆ. ಗಂಟು ಸಿಕ್ಕಾಗ ಆಗದ ಹೆದರಿಕೆ ಅದು.

ಎರಡನೆಯ ಕೀಮೋಗೆ ಮುಂಚೆ ಆಸ್ಪತ್ರೆಯ ಡಯಟೀಷಿಯನ್ ನಮ್ಮನ್ನು ಕೂರಿಸಿಕೊಂಡು ಮಾತಾಡಿದರು. ಚಿಕ್ಕ ಹುಡುಗಿ, ಮಾತು ಮಾತ್ರ ಚುರುಕು. "ಮಾತ್ರೇನ ಟೈಮಿಗೆ ತಗೊಳ್ಳಿ ಮೇಡಂ, ವಾಂತಿ ಇಲ್ದಿದ್ರೂ ತಗೊಳ್ಳಿ. ಬಂದ್ಮೇಲೆ ತಗೊಂಡ್ರೆ ಬಸ್ ಹೋದ್ಮೇಲೆ ಸ್ಟಾಪಿಗೆ ಓಡಿದ ಹಾಗೆ." ಆಮೇಲೆ ಮೊದಲ ದಿನ ಏನು ತಿಂದಿರಿ ಎಂದು ಕೇಳಿದರು. ಹೇಳಿದೆ. ಪೆನ್ನು ಕೆಳಗಿಟ್ಟರು. "ಕೀಮೋ ದಿನ ಇಷ್ಟದ್ದು ಯಾವತ್ತೂ ತಿನ್ಬೇಡಿ. ಮನಸ್ಸು ಅದನ್ನೂ ಇದನ್ನೂ ಗಂಟು ಹಾಕ್ಬಿಡತ್ತೆ. ತಪ್ಪು ಔಷಧಿದು, ಬೈಸ್ಕೊಳ್ಳೋದು ಊಟ."

"ಆ ರುಚಿ ವಾಪಸ್ ಬರತ್ತಾ?" ಅಂತ ಕೇಳಿದೆ.

"ಕೆಲವರಿಗೆ ಬರತ್ತೆ," ಅಂದರು.

ಇದನ್ನು ಅತ್ತೆಗೆ ಹೇಳುವ ಕೆಲಸ ಗಂಡನ ಪಾಲಿಗೆ ಬಂತು. ಅತ್ತೆ ಎಲೆಯಡಿಕೆ ಚೀಲದ ದಾರವನ್ನು ಬೆರಳಿಗೆ ಸುತ್ತುತ್ತ, ಬಿಡಿಸುತ್ತ ಕೇಳಿಸಿಕೊಂಡರು.

"ಅಂಗಾದ್ರೆ ನಾನ್ ಮಾಡಾಕಿದ್ದೇ ಕೆಟ್ಟದ್ದಾಯ್ತು ಅನ್ನು."

"ಹಂಗಲ್ಲ ಕಣವ್ವ. ಬೇರೆ ಏನ್ ತಿಂದಿದ್ರೂ ಹಿಂಗೇ ಆಗ್ತಿತ್ತು."

"ಬೇರೆ ಏನ್ ತಿಂದಿದ್ರೂ ಅದು ಓಗಿರೋದು. ನಾನು ಅವರೇನೇ ಕೊಟ್ನಲ್ಲ."

ಮಾರನೆಯ ಬೆಳಿಗ್ಗೆ ಕಾಫಿ ಲೋಟ ಹಿಡಿದು ನನ್ನ ಮಂಚದ ಪಕ್ಕ ಬಂದು ನಿಂತರು. "ಯೋಚ್ನೆ ಮಾಡ್ದೆ. ನಿಂಗೆ ಯಾವ್ದು ಕಂಡ್ರೆ ಆಗಾಕಿಲ್ಲ, ಯೋಳು. ಇನ್ಮೇಲೆ ಆಸ್ಪತ್ರೆಗೆ ಓಗೋ ದಿನ ಅದ್ನೇ ಮಾಡ್ತೀನಿ. ಓದ್ರೆ ಅದು ಓಗ್ಲಿ."

ಬಡಿಸಿದ ಊಟವನ್ನು ಇಷ್ಟವಿಲ್ಲ ಅನ್ನುವುದನ್ನು ಕಾನ್ವೆಂಟು ನನಗೆ ಕಲಿಸಿರಲಿಲ್ಲ. ಎಲ್ಲಾ ಇಷ್ಟವೇ ಅತ್ತೆ, ಅಂದೆ. ಸ್ಕೂಲ್ ಬ್ಯಾಗ್ ತುಂಬಿಕೊಳ್ಳುತ್ತಿದ್ದ ಮಗಳು ತಲೆಯೆತ್ತದೆ ಹೇಳಿಬಿಟ್ಟಳು: "ಅಜ್ಜಿ, ಅಮ್ಮಂಗೆ ಉಪ್ಪಿಟ್ಟು ಆಗಲ್ಲ. ನೀರು ಕುಡ್ಕೊಂಡು ಕುಡ್ಕೊಂಡು ನುಂಗ್ತಾರೆ, ನೋಡಿಲ್ವಾ ನೀನು?"

ಅತ್ತೆ ಪ್ರತಿ ಶನಿವಾರ ಉಪ್ಪಿಟ್ಟು ಮಾಡುತ್ತಿದ್ದರು. ಮದುವೆಯಾದಾಗಿನಿಂದ ಪ್ರತಿ ಶನಿವಾರ ನಾನು ಅದನ್ನು ಚೆನ್ನಾಗಿದೆ ಅಂದಿದ್ದೆ.

"ನನ್ ಉಪ್ಪಿಟ್ಟಾ?" ಅಂದರು.

ನಾನು ಹೊದಿಕೆಯ ಅಂಚನ್ನು ನೋಡುತ್ತಿದ್ದೆ. ಮೊದಲು ನಕ್ಕದ್ದು ಗಂಡ. "ಬಲಿ ಕೊಡಕ್ಕೆ ಒಳ್ಳೇ ಐಟಂ ಕಣವ್ವ. ಅದು ಹೋದ್ರೆ ಯಾರೂ ಅಳಲ್ಲ." ಅತ್ತೆ ಅವರ ಬೆನ್ನಿಗೊಂದು ಕೊಟ್ಟರು, ಆಮೇಲೆ ತಾವೂ ನಕ್ಕರು. ಅಲ್ಲಿಂದ ಮುಂದೆ ಪ್ರತಿ ಕೀಮೋದ ಬೆಳಿಗ್ಗೆ ಆರಿ ತಣ್ಣಗಾದ ಉಪ್ಪಿಟ್ಟು ಸ್ವಲ್ಪವೇ ಸ್ವಲ್ಪ. ಅತ್ತೆ ಅದನ್ನು ಬೇಕೆಂದೇ ಸಪ್ಪೆಯಾಗಿ ಮಾಡುತ್ತಿದ್ದರೋ ಏನೋ, ಕೇಳಲಿಲ್ಲ.

ಕಾನ್ವೆಂಟಿನಲ್ಲಿ ಈಸ್ಟರಿಗೆ ಮುಂಚಿನ ಉಪವಾಸದ ವಾರಗಳಲ್ಲಿ ಸಿಸ್ಟರುಗಳು ನಮ್ಮನ್ನು, ಹಿಂದೂ ಹುಡುಗಿಯರನ್ನೂ, ಕೇಳುತ್ತಿದ್ದರು: ನೀನು ಏನು ಬಿಡುತ್ತೀ? ನಾವು ಗಂಭೀರವಾಗಿ ಚಾಕಲೇಟು, ಐಸ್‌ಕ್ಯಾಂಡಿ ಅನ್ನುತ್ತಿದ್ದೆವು. ಇಷ್ಟವಾದದ್ದನ್ನೇ ಬಿಡಬೇಕು, ಆಗಲೇ ಅದಕ್ಕೆ ಬೆಲೆ ಅನ್ನುತ್ತಿದ್ದರು. ಉಪ್ಪಿಟ್ಟಿನ ತಟ್ಟೆಯೆದುರು ಕೂತಾಗ ನನಗೆ ಅದು ನೆನಪಾಗುತ್ತಿತ್ತು. ಚಾಕಲೇಟು ಈಸ್ಟರ್ ದಿನ ಮರಳಿ ಬರುತ್ತಿತ್ತು, ಅದು ಮೊದಲೇ ಗೊತ್ತಿರುತ್ತಿತ್ತು.

ಉಳಿದ ಕೀಮೋಗಳು ಮೊದಲಿನದರಷ್ಟು ಕಷ್ಟವಾಗಲಿಲ್ಲ. ಅತ್ತೆ ಗ್ಯಾಸ್ ಒಲೆಯನ್ನು ತಾರಸಿಯ ಶೀಟಿನ ಕೆಳಗೆ ಸಾಗಿಸಿ, ಒಗ್ಗರಣೆಯ ವಾಸನೆ ಕೆಳಗಿಳಿಯದಂತೆ ಮೆಟ್ಟಿಲ ಬಾಗಿಲು ಹಾಕಿಕೊಂಡು ಅಡುಗೆ ಮಾಡುತ್ತಿದ್ದರು. ಬಿಸಿ ಊಟಕ್ಕೆ ವಾಸನೆ ಹೆಚ್ಚು. ನನಗೆ ತಣ್ಣನೆಯ ಮೊಸರನ್ನ, ಅದೂ ಒಂದೊಂದು ಹಿಡಿ, ಗಂಟೆ ಬಿಟ್ಟು ಗಂಟೆ. ಎದ್ದ ಕೂಡಲೇ ಹಾಸಿಗೆಯಲ್ಲೇ ನಾಲ್ಕು ಕಾಳು ಕಡ್ಲೆಪುರಿ. ಸ್ಟೀಲ್ ಲೋಟದ ನೀರಿಗೆ ತುಕ್ಕಿನ ರುಚಿ ಬರುತ್ತದೆಂದು ಮಗಳು ತನ್ನ ಪಿಂಗಾಣಿ ಕಪ್ಪು ಕೊಟ್ಟಳು. ಗಂಡ ಸೋಪು ಬದಲಾಯಿಸಿದರು. ಉಂಡ ಕೂಡಲೇ ಮಲಗದೆ ಕುರ್ಚಿಗೆ ಒರಗಿ ಕೂತು, ಹೆಚ್ಚಿದ ನಿಂಬೆಹೋಳನ್ನು ಮೂಗಿಗೆ ಹಿಡಿದುಕೊಳ್ಳುತ್ತಿದ್ದೆ.

ವಿಚಿತ್ರವೆಂದರೆ ದಾರಿಯೂ ವಾಂತಿ ತರಿಸಲು ಕಲಿತಿತ್ತು. ಬಿ.ಇ.ಎಲ್. ಸರ್ಕಲ್‌ವರೆಗೆ ಏನೂ ಇಲ್ಲ. ಔಟರ್ ರಿಂಗ್ ರೋಡಿನಲ್ಲಿ ಹೆಬ್ಬಾಳದ ಫ್ಲೈಓವರ್ ಕಂಡಿತೆಂದರೆ ಬಾಯಲ್ಲಿ ನೀರೂರುತ್ತಿತ್ತು. ಔಷಧಿ ಇನ್ನೂ ಮೈಗೆ ಹೋಗಿರುತ್ತಿರಲಿಲ್ಲ. ಡಾಕ್ಟರಿಗೆ ಹೇಳಿದ್ದಕ್ಕೆ ನಗಲಿಲ್ಲ. ಹೀಗಾಗುವುದು ಉಂಟು ಎಂದು ಬೆಳಿಗ್ಗೆಯೇ ನುಂಗಲು ಒಂದು ಮಾತ್ರೆ ಬರೆದುಕೊಟ್ಟರು. ಸೇತುವೆ ಬರುವಾಗ ಗಂಡ, "ಕಣ್ಮುಚ್ಕೋ, ಬಂತು ನಿನ್ ಶತ್ರು," ಅನ್ನುತ್ತಿದ್ದರು. ಕಣ್ಣು ಮುಚ್ಚಿಕೊಂಡು ನಾನು ನಡುಮನೆಯ ಚಾಪೆಯನ್ನು ನೆನೆಸಿಕೊಳ್ಳುತ್ತಿದ್ದೆ. ಚಾಪೆ ಬರುತ್ತಿತ್ತು, ಅತ್ತೆಯ ಕೈ ಬರುತ್ತಿತ್ತು, ಬೇಳೆ ಬೀಳುವ ಸದ್ದೂ ಬರುತ್ತಿತ್ತು. ವಾಸನೆ ಬಂದೀತೆಂದು ಅಲ್ಲಿಗೇ ನಿಲ್ಲಿಸುತ್ತಿದ್ದೆ.

ಕೂದಲು ಬಂತು, ನಾಲಿಗೆಗೆ ರುಚಿ ಬಂತು, ಫ್ಲೈಓವರ್ ಬರೀ ಫ್ಲೈಓವರ್ ಆಯಿತು. ಉಪ್ಪಿಟ್ಟು ಮಾತ್ರ, ನಂಬಿದರೆ ನಂಬಿ, ಎಲ್ಲೂ ಹೋಗಲಿಲ್ಲ. ಶನಿವಾರ ಶನಿವಾರ ಮತ್ತೆ ಬರತೊಡಗಿತು. ಎಲ್ಲ ಸರಿಹೋಯಿತು ಎಂದುಕೊಂಡಿದ್ದಾಗ ಮತ್ತೆ ಚಳಿ ಶುರುವಾಯಿತು.

ನನ್ನ ಹಟಕ್ಕೆ ಅತ್ತೆ ಒಂದು ಬೊಗಸೆ ಕಾಯಿ ತಂದರು. ಬಾಗಿಲಲ್ಲೇ ನಿಂತು, ಸೆರಗಿನಲ್ಲಿ ಕಟ್ಟಿಕೊಂಡಿದ್ದನ್ನು ದೂರದಿಂದಲೇ ಬಿಚ್ಚಿ ತೋರಿಸಿದರು. ನಾನು ನಗುತ್ತ ಹತ್ತಿರ ಹೋದೆ. ಆಮೇಲೆ ಬಚ್ಚಲಿಗೆ ಹೋದೆ. ಹೊರಗೆ ಬಂದಾಗ ಅತ್ತೆ ಇರಲಿಲ್ಲ. ಕಾಯಿಯನ್ನು ಪಕ್ಕದ ಬೀದಿಯ ಹಸುವಿಗೆ ಹಾಕಿ ಕೈ ತೊಳೆದು ಬಂದರು. "ಇನ್ಮೇಲೆ ಈ ಮನೇಗೆ ಅವರೆ ಬರಕೂಡ್ದು," ಅಂದರು. ಎರಡನೆಯ ಮಾತಿಲ್ಲ. ಗಂಡನಿಗೂ ಇಲ್ಲ, ಮಗಳಿಗೂ ಇಲ್ಲ. ಬಾಡಿಗೆಯವರ ಮನೆಯಿಂದ ವಾಸನೆ ಬಂದರೆ ನಮ್ಮ ಕಿಟಕಿ ಮುಚ್ಚುತ್ತಿದ್ದರು. ಚಾಪೆ ಅಟ್ಟ ಸೇರಿತು. ಚಳಿಗಾಲದಲ್ಲೂ ನಮ್ಮ ಮಾತು ನೀರು ಬಂತಾ, ಬಾಗಿಲು ಹಾಕಿದ್ಯಾ ಅನ್ನುವಷ್ಟಕ್ಕೇ ಬಂದು ನಿಂತಿತು. ಅತ್ತೆಗೆ ನನ್ನ ಮೇಲೆ ಸಿಟ್ಟಿರಲಿಲ್ಲ. ಕೈಯಲ್ಲಿ ಏನೂ ಇಲ್ಲದೆ ಮಾತಾಡುವುದು ಅವರಿಗೆ ಗೊತ್ತಿರಲಿಲ್ಲ, ಅಷ್ಟೇ. ನನಗೂ ಗೊತ್ತಿರಲಿಲ್ಲ. ಒಮ್ಮೆ ಹಸಿ ಬಟಾಣಿ ತಂದು ಎದುರಿಗೆ ಸುರಿದೆ. ಇಬ್ಬರೂ ಸುಲಿದೆವು. ಬಟಾಣಿ ಬೇಗ ಮುಗಿಯುತ್ತದೆ, ಹಿತುಕುವುದೂ ಇಲ್ಲ.

ಅದರ ಮುಂದಿನ ಚಳಿಗಾಲಗಳಲ್ಲಿ ಅತ್ತೆ ಮೇಲಿಂದ ಮೇಲೆ ಮಾಕಳಿಗೆ ಹೋಗತೊಡಗಿದರು. ಅಲ್ಲಿ ಅವರ ತಮ್ಮನ ಮನೆ. "ತಮ್ಮಂಗೆ ಮಂಡಿನೋವು, ನೋಡ್ಕಂಡ್ ಬತ್ತೀನಿ," ಅನ್ನುವರು. ಸಂಜೆ ಬಂದವರೇ ಯಾರನ್ನೂ ಮಾತಾಡಿಸದೆ ಬಚ್ಚಲಿಗೆ ಹೋಗಿ ಸ್ನಾನ ಮಾಡಿ, ಸೀರೆ ನೆನೆಹಾಕಿ, ಏಲಕ್ಕಿ ಜಗಿಯುತ್ತ ಹೊರಗೆ ಬರುವರು. ತಮ್ಮನ ಮಂಡಿ ಸಂಕ್ರಾಂತಿ ಕಳೆದ ಮೇಲೆ ಗುಣವಾಗುತ್ತಿತ್ತು. ನಾನು ನೋಡಿದ್ದು ಅವರ ಉಗುರುಗಳನ್ನು. ಅವರೆಯ ಜಿಡ್ಡು ಉಗುರಿನ ಸಂದಿಗೆ ಹೋದರೆ ಕಪ್ಪು ಹಸಿರಾಗಿ ಕೂರುತ್ತದೆ, ಎಷ್ಟು ಸೋಪು ಹಾಕಿದರೂ ಹೋಗುವುದಿಲ್ಲ. ಕಾಫಿ ಕೊಡುವಾಗ ಲೋಟ ಹಿಡಿದ ಆ ಬೆರಳು ನೋಡುತ್ತಿದ್ದೆ. ನನಗೆ ನೋವಾಗದಿರಲಿ ಎಂದು ಮುಚ್ಚಿಡುತ್ತಿದ್ದಾರೆ ಎಂದು ತಿಳಿಯುತ್ತಿತ್ತು. ಆದರೂ ಆ ಬೆರಳುಗಳು ಅಲ್ಲಿ ಹಿತುಕುವಾಗ, ಎದುರಿಗೆ ಯಾರು ಕೂತಿರುತ್ತಾರೆ, ಅವರಿಗೆ ಏನೇನು ಹೇಳಿರುತ್ತಾರೆ ಎಂದು ಒಳಗೊಳಗೇ ಸುಡುತ್ತಿತ್ತು.

ನಾಗಸಂದ್ರದವರೆಗೆ ಮೆಟ್ರೋ ಬಂದು ವರ್ಷಗಳಾಗಿದ್ದವು. ಒಂದು ಬೆಳಿಗ್ಗೆ ಅತ್ತೆ ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ನಾನೂ ಸೀರೆ ಬದಲಾಯಿಸಿ ಬಂದು ನಿಂತೆ.

"ನೀನ್ಯಾಕೆ?"

"ಮಾಕಳಿ ಮಾವನ ಮಂಡಿ ನೋಡಕ್ಕೆ."

ಅತ್ತೆ ನನ್ನನ್ನು ನೋಡಿದರು. ಆಮೇಲೆ ತಮ್ಮ ಕೈ ನೋಡಿಕೊಂಡು, ಬೆರಳು ಮಡಚಿಕೊಂಡರು. "ಬ್ಯಾಡ ಮಗ. ಅಲ್ಲಿ ರಾಶಿ ಬಿದ್ದಿರ್ತದೆ."

"ಗಾಳಿ ಬರೋ ಕಡೆ ಕೂತ್ಕೋತೀನಿ. ಮೊಸರನ್ನ ಕಟ್ಕೊಂಡಿದ್ದೀನಿ. ಮಾತ್ರೆನೂ ನುಂಗಿದ್ದೀನಿ."

ಬಸ್ಸಿನಲ್ಲಿ ಅತ್ತೆ ನನ್ನನ್ನು ಕಿಟಕಿಯ ಪಕ್ಕ ಕೂರಿಸಿದರು. ಮಾಕಳಿಯ ಮನೆಯ ಹಿಂದೆ ಇನ್ನೂ ಒಂದು ತುಂಡು ಹೊಲ ಉಳಿದಿದೆ, ಅದರಾಚೆ ಗೋಡೌನುಗಳು. ಅಂಗಳದಲ್ಲಿ ಕಾಯಿಯ ರಾಶಿ, ಪಕ್ಕದಲ್ಲಿ ನೆನೆದ ಕಾಳಿನ ಪಾತ್ರೆ. ಅತ್ತೆಯ ತಮ್ಮನ ಹೆಂಡತಿ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಎದ್ದು ಬಂದರು. "ಏನಕ್ಕ, ಸೊಸೆ ಕೈಗೇ ಸಿಗಾಕ್ಕಂಬಿಟ್ಯಾ? ಕಳ್ರು ಒಬ್ಬೊಬ್ರೇ ಬರ್ಬೇಕು ಅಂತ ಯೋಳಿರ್ಲಿಲ್ವಾ?"

"ನೀನ್ ಬಾಯ್ ಮುಚ್ಕಂಡು ಅವ್ಳಿಗೊಂದು ಕುರ್ಚಿ ಆಕು. ಆ ಹುಣ್ಸೆಮರದತ್ರ," ಅಂದರು ಅತ್ತೆ.

ಗಾಳಿ ನನ್ನ ಬೆನ್ನ ಕಡೆಯಿಂದ ಅವರ ಕಡೆಗೆ ಬೀಸುತ್ತಿತ್ತು. ನಮ್ಮ ನಡುವೆ ಇಡೀ ಅಂಗಳದಷ್ಟು ದೂರ. ಅತ್ತೆ ಕುಕ್ಕರಗಾಲಲ್ಲಿ ಕೂತು ಹಿತುಕತೊಡಗಿದರು. ಸ್ವಲ್ಪ ಹೊತ್ತಿಗೆ ಅವರ ತುಟಿ ಅಲ್ಲಾಡುವುದು ಕಂಡಿತು. ಕೇಳಿಸಲಿಲ್ಲ.

"ಏನಂದ್ರಿ ಅತ್ತೆ?"

"ಏನಿಲ್ಲ. ಈ ಹುಣ್ಸೆಮರದತ್ರನೇ ನಮ್ಮಪ್ಪ..." ಮತ್ತೆ ಕೇಳಿಸಲಿಲ್ಲ.

"ಜೋರಾಗಿ ಹೇಳಿ."

ಜೋರಾಗಿ ಹೇಳಿದರು. ಚಾಪೆಯ ಮೇಲೆ ಪಿಸುಮಾತಿನಲ್ಲಿ ಬರುತ್ತಿದ್ದದ್ದೆಲ್ಲ ಈಗ ಇಡೀ ಅಂಗಳ ದಾಟಿ, ಕೂಗಿ ಹೇಳಿದಂತೆ ಬರುತ್ತಿತ್ತು. ಸೌದೆ ತಂದ ಆಳು ನಿಂತು ಕೇಳಿದ. ತಮ್ಮನ ಹೆಂಡತಿ ನಡುವೆ ಬಾಯಿ ಹಾಕಿ, "ಅಂಗಲ್ಲಕ್ಕ ಆಗಿದ್ದು, ಸುಳ್ ಯೋಳ್ಬ್ಯಾಡ," ಅಂದರು. ಒಂದೆರಡು ಸಲ ಗಾಳಿ ತಿರುಗಿ ಸೊಗಡು ಬಂದು ಗಂಟಲವರೆಗೆ ಏರಿತು. ನಿಂಬೆಹೋಳು ಹಿಡಿದು, ಹೊಲದ ಕಡೆ ಮುಖ ಮಾಡಿ, ಅದು ಇಳಿಯುವವರೆಗೆ ಕಾದೆ. ತಿರುಗಿದಾಗ ಅತ್ತೆ ಕೈ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. ಮುಂದೆ ಹೇಳಿ ಎಂದು ಕೈಸನ್ನೆ ಮಾಡಿದೆ.

ಮಧ್ಯಾಹ್ನ ಅವರ ಮುಂದೆ ಮುದ್ದೆ, ಹಿತಕಿದ ಬೇಳೆ ಸಾರು; ನನ್ನ ತೊಡೆಯ ಮೇಲೆ ಮೊಸರನ್ನದ ಡಬ್ಬಿ. ಅತ್ತೆಗೆ ನನ್ನೆದುರು ಉಣ್ಣಲು ನಾಚಿಕೆ. ತಟ್ಟೆಗೆ ಬೆನ್ನು ಅಡ್ಡ ಮಾಡಿ ಕೂತರು.

"ಈ ಕಡೆ ತಿರುಗಿ ಅತ್ತೆ. ಹೇಗಿದೆ ಹೇಳಿ."

"ಎಂಗಿರ್ತದೆ? ಸಾರಿದ್ದಂಗದೆ."

"ಅದಲ್ಲ. ಸರಿಯಾಗಿ ಹೇಳಿ. ನಾನು ತಿಂತಿಲ್ವಲ್ಲ."

ಅತ್ತೆ ಇಷ್ಟು ವರ್ಷದಲ್ಲಿ ಒಂದು ಅಡುಗೆಯ ಬಗ್ಗೆಯೂ ಚೆನ್ನಾಗಿದೆ, ಇಲ್ಲ ಅನ್ನುವುದಕ್ಕಿಂತ ಹೆಚ್ಚು ಹೇಳಿದವರಲ್ಲ. ತುತ್ತನ್ನು ಕೆನ್ನೆಯಲ್ಲಿ ಇಟ್ಟುಕೊಂಡು ಯೋಚಿಸಿದರು. ತಮ್ಮನ ಹೆಂಡತಿಯೂ ಕೈ ತಡೆದು ಕೂತರು.

"ಬ್ಯಾಳೆ ಮೆತ್ಗಾಗೈತೆ," ಅಂದರು ನಿಧಾನವಾಗಿ. "ಆದ್ರೆ ಕರಗಿಲ್ಲ. ನಾಲ್ಗೆಗೆ ಸಿಕ್ಕಿ, ಆಮೇಕೆ ಜಾರ್ತದೆ. ಕಾರ ಮೊದ್ಲು ಗೊತ್ತಾಗಲ್ಲ. ನುಂಗಿದ್ಮೇಲೆ ಗಂಟ್ಲಲ್ಲಿ ಕೂತ್ಕತದೆ. ಸೊಗಡು... ಸೊಗಡು ಈ ಸಲ ಎಚ್ಚಿಗಿಲ್ಲ ಮಗ. ಇಬ್ನಿ ಬೀಳ್ನಿಲ್ಲ ನೋಡು."

ನನಗೆ ಬೇಜಾರಾಗದಿರಲಿ ಎಂದು ಅಂದರೋ, ನಿಜವೋ, ಗೊತ್ತಾಗಲಿಲ್ಲ. ನಾನು ಮೊಸರನ್ನದ ತುತ್ತು ಬಾಯಿಗಿಟ್ಟೆ. ಅತ್ತೆ ಇನ್ನೊಂದು ತುಂಡು ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ನನ್ನನ್ನು ನೋಡುತ್ತಲೇ ನುಂಗಿದರು.

"ಈಗ ಬೆಳ್ಳುಳ್ಳಿ ಸಿಕ್ತು," ಅಂದರು.